ನಮ್ಮನೇಲಿ ಹೀಗೆ: ಮನೆಯ ನಡೆಯನ್ನು ತಿಳಿದು ಕಟ್ಟುವ ಸಮಗ್ರ ಮಾರ್ಗದರ್ಶಿ

ಪ್ರತಿ ಮನೆಗೂ ತನ್ನದೇ ಕಟ್ಟಳೆಗಳು ಈಗಾಗಲೇ ಇರುತ್ತವೆ. ಯಾರೂ ಕೂತು ಬರೆದಿರುವುದಿಲ್ಲ, ಆದರೆ ಮೂರು ವರ್ಷದ ಮಗುವಿಗೂ ಬಾಯಿಪಾಠ. ಅಪ್ಪ ಆಫೀಸಿನಿಂದ ಬಂದ ತಕ್ಷಣ ಏನೂ ಕೇಳಬಾರದು. ನೆಂಟರು ಬಂದರೆ ಮಾತ್ರ ಶೋಕೇಸಿನ ಗಾಜಿನ ಲೋಟ ಹೊರಗೆ ಬರುತ್ತದೆ. ಮಾರ್ಕ್ಸ್ ಕಾರ್ಡಿಗೆ ಸಹಿ ಬೇಕಿದ್ದರೆ ಅಮ್ಮನ ಮೂಡ್ ನೋಡಿಕೊಂಡು ಹೋಗಬೇಕು. ಇಂಥ ನೂರು ಕಟ್ಟಳೆಗಳ ಮೇಲೆ, ನಮ್ಮ ಬಹುಪಾಲು ಮನೆಗಳಲ್ಲಿ, ಒಂದು ದೊಡ್ಡ ಕಟ್ಟಳೆ ಕೂತಿದೆ: "ನಾಲ್ಕು ಜನ ನೋಡಿದರೆ ಏನಂತಾರೆ?"

ಆ ನಾಲ್ಕು ಜನರನ್ನು ಎಬ್ಬಿಸಿ, ಅವರ ಜಾಗದಲ್ಲಿ ಮನೆಯವರೇ ಕೂಡಿ ಆರಿಸಿದ ಎರಡು-ಮೂರು ಮಾತುಗಳನ್ನು ಕೂರಿಸುವುದು ಹೇಗೆ ಎನ್ನುವುದು ಇಲ್ಲಿನ ವಿಷಯ. ಉಳಿದದ್ದೆಲ್ಲ ಯಾವುದರ ಮೇಲೆ ನಿಂತಿದೆಯೋ ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರನ್ನು ಕಟ್ಟದ ನಿಯಮ ಮಕ್ಕಳಿಗೆ ಹಾಕಿದ ಶಿಸ್ತಾಗುತ್ತದೆಯೇ ಹೊರತು ಮನೆಯ ಮೌಲ್ಯ ಆಗುವುದಿಲ್ಲ. ಮತ್ತೆ, ಕೈಯಿಂದ ಏನೂ ಬಿಡಬೇಕಿಲ್ಲದ ಕಡೆ ಮೌಲ್ಯ ಇದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಮೊದಲ ಹೆಜ್ಜೆ: ಎರಡು ವಾರ ಸುಮ್ಮನೆ ನೋಡಿ

ಏನನ್ನೂ ಬದಲಿಸಬೇಡಿ, ಯಾರಿಗೂ ಹೇಳಲೂ ಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಕಂಡದ್ದನ್ನು ಬರೆಯುತ್ತಾ ಹೋಗಿ. ನೋಡಬೇಕಾದದ್ದು ದುಡ್ಡು, ಭಾನುವಾರ, ಬಾಯಿಮಾತು, ಈ ಮೂರನ್ನೇ.

ದುಡ್ಡಿನ ಲೆಕ್ಕ ಸುಲಭ. ಫೋನಿನಲ್ಲಿ ಯುಪಿಐ ಹಿಸ್ಟರಿ ತೆರೆದು ಕಳೆದ ಒಂದು ತಿಂಗಳು ಎಲ್ಲಿಗೆ ಹೋಯಿತು ನೋಡಿ. "ನಮಗೆ ಓದೇ ಮುಖ್ಯ" ಎನ್ನುವ ಮನೆಯಲ್ಲಿ ಟ್ಯೂಷನ್ ಫೀಸು ಇದೆ, ಆದರೆ ಪಠ್ಯವಲ್ಲದ ಒಂದು ಪುಸ್ತಕಕ್ಕೂ ದುಡ್ಡು ಹೋಗಿಲ್ಲ ಅಂದರೆ ಅಲ್ಲಿ ಮುಖ್ಯವಾಗಿರುವುದು ಓದಲ್ಲ, ರ‍್ಯಾಂಕು. ಬೈದುಕೊಳ್ಳಬೇಕಿಲ್ಲ, ಬರೆದುಕೊಳ್ಳಿ. ಭಾನುವಾರ ಯಾಕೆಂದರೆ ಯಾರ ಒತ್ತಾಯವೂ ಇಲ್ಲದ ದಿನ ಮನೆ ತನ್ನ ಪಾಡಿಗೆ ಯಾವ ಕಡೆ ವಾಲುತ್ತದೆ ಎನ್ನುವುದು ಅವತ್ತೇ ಕಾಣುವುದು. ಮಾಲ್ ಕಡೆಗೋ, ಅಜ್ಜಿ ಮನೆ ಕಡೆಗೋ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಸ್ಕ್ರೀನಿನ ಕಡೆಗೋ.

ಬಾಯಿಮಾತಿಗೆ ಒಳ್ಳೆಯ ವರದಿಗಾರರು ಮಕ್ಕಳೇ. ಅವರು ಅಪ್ಪ-ಅಮ್ಮ ಆಟ ಆಡುವಾಗ ಬಾಗಿಲ ಹಿಂದೆ ನಿಂತು ಕೇಳಿ. ಅಮ್ಮನಾದವಳು ಪ್ಲಾಸ್ಟಿಕ್ ಸೌಟು ಹಿಡಿದು, "ಏನ್ರೀ, ಎಷ್ಟು ಸಲ ಕರೀಬೇಕು?" ಅನ್ನುತ್ತಾಳೆ. ಅಪ್ಪನಾದವನು ಟಿವಿ ರಿಮೋಟನ್ನು ಕಿವಿಗಿಟ್ಟುಕೊಂಡು, "ಇರು, ಕಾಲ್‌ನಲ್ಲಿದೀನಿ" ಅನ್ನುತ್ತಾನೆ. ನೀವು ಕಲಿಸಿದೆವು ಅಂದುಕೊಂಡದ್ದು ಬೇರೆ ಇರಬಹುದು. ಅವರು ಕಲಿತಿರುವುದು ಇದು. ಚೀಟಿ ದುಡ್ಡಿನವರು ಬಾಗಿಲು ತಟ್ಟಿದಾಗ "ಅಪ್ಪ ಊರಲ್ಲಿಲ್ಲ ಅನ್ನು ಹೋಗು" ಎಂದು ಕಳಿಸಿದ ದಿನವನ್ನೂ ನೋಟ್‌ಬುಕ್ಕಿಗೆ ಸೇರಿಸಿ.

ಎರಡನೇ ಹೆಜ್ಜೆ: ಗಂಡ-ಹೆಂಡತಿ ಮೊದಲು ಮಾತಾಡಿ

ಒಂದು ಮನೆ ಅಂದರೆ ಎರಡು ಮನೆಗಳ ಪಳೆಯುಳಿಕೆ. ಒಬ್ಬರು ಊಟದ ಹೊತ್ತಿಗೆ ಎಲ್ಲರೂ ಗಲಗಲ ಮಾತಾಡುವ ಮನೆಯಿಂದ ಬಂದಿರುತ್ತಾರೆ, ಇನ್ನೊಬ್ಬರು "ಅನ್ನದ ಮುಂದೆ ಮಾತಾಡಬಾರದು" ಎನ್ನುವ ಮನೆಯಿಂದ. ಒಬ್ಬರ ಮನೆಯಲ್ಲಿ ಸಾಲ ಅಂದರೆ ಅವಮಾನ, ಇನ್ನೊಬ್ಬರ ಮನೆಯಲ್ಲಿ ಕೈಸಾಲ ನೆಂಟಸ್ತನದ ಒಂದು ಭಾಗ. ಜಗಳಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುವುದು. ಮಕ್ಕಳಿಗೆ ಅದು ಅಪ್ಪ-ಅಮ್ಮನ ಸ್ವಭಾವದ ಜಗಳದಂತೆ ಕಾಣುತ್ತದೆ.

ಮಕ್ಕಳು ಮಲಗಿದ ಮೇಲೆ ಇಬ್ಬರೂ ಎರಡು ಪಟ್ಟಿ ಮಾಡಿ: ನಾನು ಬೆಳೆದ ಮನೆಯಿಂದ ಇಲ್ಲಿಗೆ ತರಬೇಕು ಅನ್ನಿಸುವುದು ಯಾವುದು, ಅಲ್ಲೇ ಬಿಟ್ಟುಬಿಡಬೇಕು ಅನ್ನಿಸುವುದು ಯಾವುದು. ಇಲ್ಲಿ ಒಂದೇ ಒಂದು ಷರತ್ತು ಹಾಕಿಕೊಳ್ಳಿ. ಬಿಡಬೇಕಾದ್ದರ ಪಟ್ಟಿಗೆ ಅವರವರ ತವರಿನದನ್ನು ಅವರವರೇ ಬರೆಯಬೇಕು. ಗಂಡನ ಮನೆಯ ದೋಷವನ್ನು ಹೆಂಡತಿ, ಹೆಂಡತಿಯ ಮನೆಯ ದೋಷವನ್ನು ಗಂಡ ಬರೆಯಲು ಕೂತರೆ ಆ ರಾತ್ರಿ ಬೇರೆ ಏನೂ ಆಗುವುದಿಲ್ಲ.

ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ಮನೆಯಲ್ಲಿ ಈ ಮಾತುಕತೆಗೆ ಮಕ್ಕಳನ್ನು ದಿನವೂ ನೋಡುವ ಇನ್ನೊಬ್ಬ ದೊಡ್ಡವರನ್ನು ಕರೆದುಕೊಳ್ಳಿ. ಚಿಕ್ಕಮ್ಮನೋ, ಸೋದರಮಾವನೋ, ಪಕ್ಕದ ಮನೆಯ ಅಜ್ಜಿಯೋ. ನಾಳೆ ನಿಯಮ ನಡೆಸುವಾಗ ಅವರ ಕೈಯೂ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಮೂರೇ ಮಾತು, ನಿಮ್ಮ ಬಾಯಿಯ ಭಾಷೆಯಲ್ಲಿ

ಪ್ರಾಮಾಣಿಕತೆ, ಸಹನೆ, ಕರುಣೆ, ಶಿಸ್ತು ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೆ ಎರಡು ದಿನದಲ್ಲಿ ಅದು ಕ್ಯಾಲೆಂಡರ್ ಚಿತ್ರದ ಹಾಗೆ ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ಇಂಥ ಪದಗಳನ್ನು ಯಾರೂ ವಿರೋಧಿಸುವುದಿಲ್ಲ, ಆದ್ದರಿಂದಲೇ ಅವು ಯಾರನ್ನೂ ಕಟ್ಟುವುದಿಲ್ಲ. ಬದಲಿಗೆ "ನಮ್ಮನೇಲಿ" ಎಂದು ಶುರುವಾಗುವ ವಾಕ್ಯ ಬರೆಯಿರಿ, ಮನೆಯಲ್ಲಿ ಆಡುವ ಮಾತಿನಲ್ಲೇ.

"ನಮ್ಮನೇಲಿ ತಪ್ಪು ಮಾಡಿ ತಾವೇ ಬಂದು ಹೇಳಿದವರನ್ನ ಬೈಯಲ್ಲ."
"ನಮ್ಮನೇಲಿ ಎಲ್ಲರೂ ಉಣ್ಣೋವರೆಗೂ ಯಾರೂ ಕೈ ತೊಳೆಯಲ್ಲ."
"ನಮ್ಮನೇಲಿ ಯಾರನ್ನೂ ಬಣ್ಣ, ಜಾತಿ, ಮೈಕಟ್ಟು ಹಿಡಿದು ಆಡಿಕೊಳ್ಳಲ್ಲ."

ಬರೆದ ಮೇಲೆ ಒಂದು ಪರೀಕ್ಷೆ. ಈ ಮಾತು ಉಳಿಸಿಕೊಳ್ಳಲು ನಾವು ದೊಡ್ಡವರು ಏನು ಕಳೆದುಕೊಳ್ಳಲು ತಯಾರು? ರೈಲಿನ ವಿಷಯವನ್ನೇ ತೊಗೊಳ್ಳಿ. ಐದು ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ತೆಗೆದುಕೊಳ್ಳದಿದ್ದರೆ ಟಿಕೆಟ್ ಬೇಡ. ಮಗನಿಗೆ ಹೋದ ತಿಂಗಳಷ್ಟೇ ಐದು ತುಂಬಿದೆ. ಮೈಸೂರಿನಿಂದ ಹುಬ್ಬಳ್ಳಿಗೆ ಹೊರಟಿದ್ದೀರಿ. ಹೊರಡುವ ಮುಂಚೆ ಅಜ್ಜ ಕಿವಿಯಲ್ಲಿ, "ಟಿಟಿ ಕೇಳಿದ್ರೆ ನಾಲ್ಕು ಅನ್ನು ಪುಟ್ಟಾ" ಅನ್ನುತ್ತಾರೆ. ಆ ಒಂದು ಟಿಕೆಟ್ಟಿನ ದುಡ್ಡು ನಿಮ್ಮ ಮನೆಯಲ್ಲಿ ಸತ್ಯಕ್ಕಿರುವ ದರ. ಮಗು ಆ ದರವನ್ನು ನೆನಪಿಟ್ಟುಕೊಳ್ಳುತ್ತದೆ, ಏಕೆಂದರೆ ಅದಕ್ಕೆ ಹುಟ್ಟುಹಬ್ಬ ಅಂದರೆ ಪ್ರಾಣ, ತನಗೆ ಐದಾಯಿತು ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿರುತ್ತದೆ.

ಪರೀಕ್ಷೆಯಲ್ಲಿ ಉಳಿಯದ ಮಾತನ್ನು ಸಂಕೋಚವಿಲ್ಲದೆ ಹೊಡೆದುಹಾಕಿ. ಹತ್ತು ಮಾತಿಗಿಂತ ಮೂರು ವಾಸಿ. ಮೂರೂ ಉಳಿಯಲಿಲ್ಲವೆಂದರೆ ಒಂದರಿಂದ ಶುರುಮಾಡಿ.

ಮಕ್ಕಳು ಏಳೆಂಟು ವರ್ಷ ದಾಟಿದ್ದರೆ ಈ ಹಂತಕ್ಕೆ ಅವರನ್ನೂ ಕರೆಯಿರಿ. "ನಿನಗೆ ಯಾವ ಮೌಲ್ಯ ಬೇಕು?" ಎಂದು ಕೇಳಿದರೆ ಅವರು ಮುಖ ನೋಡುತ್ತಾರೆ. "ನಮ್ಮನೇಲಿ ನಿನಗೆ ಏನು ಅನ್ಯಾಯ ಅನ್ಸತ್ತೆ?" ಎಂದು ಕೇಳಿ ನೋಡಿ, ಪಟ್ಟಿಯೇ ಬರುತ್ತದೆ.

ನಾಲ್ಕನೇ ಹೆಜ್ಜೆ: ಮಾತನ್ನು ಊಟದ ಹೊತ್ತಿಗೆ ಕಟ್ಟಿಹಾಕಿ

ಮೌಲ್ಯಕ್ಕೆ ದಿನದಲ್ಲಿ ಒಂದು ಹೊತ್ತು, ಮನೆಯಲ್ಲಿ ಒಂದು ಜಾಗ ಬೇಕು. ಬೇರೆ ಏನೂ ಆಗದಿದ್ದರೂ ರಾತ್ರಿ ಊಟವನ್ನು ಹಿಡಿಯಿರಿ. ವಾರಕ್ಕೆ ಏಳೂ ದಿನ ಆಗುವುದಿಲ್ಲ. ಶಿಫ್ಟ್ ಕೆಲಸ, ಟ್ರಾಫಿಕ್ಕು, ಟ್ಯೂಷನ್ನು ಇರುವ ಮನೆಯಲ್ಲಿ ಮೂರು ದಿನ ಸಿಕ್ಕರೂ ಸಾಕು. ಯಾವ ಮೂರು ದಿನ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹೆಚ್ಚಿನ ಮನೆಗಳು ಗಮನಿಸುವುದೇ ಇಲ್ಲ. "ಎಲ್ಲರೂ ಒಟ್ಟಿಗೆ ಊಟ" ಎಂದು ತೀರ್ಮಾನಿಸಿದ ರಾತ್ರಿ ದೋಸೆ ಅಥವಾ ಚಪಾತಿ ಮಾಡಿದರೆ ಒಬ್ಬರು ಕಾವಲಿ ಮುಂದೆ ನಿಂತೇ ಇರುತ್ತಾರೆ. ಉಳಿದವರು "ಇನ್ನೊಂದು ಬಿಸಿದು ಹಾಕು" ಅನ್ನುತ್ತಾ ತಿಂದು ಎದ್ದಿರುತ್ತಾರೆ. ಕೊನೆಯ ಎರಡು ಹರಿದ ದೋಸೆ, ತಳದ ಚಟ್ನಿ ಹಾಕಿಕೊಂಡು ಅವರು ಕೂರುವ ಹೊತ್ತಿಗೆ ಟಿವಿ ಹತ್ತಿರುತ್ತದೆ. ಆದ್ದರಿಂದ ಒಟ್ಟಿಗೆ ಉಣ್ಣುವ ರಾತ್ರಿಗೆ ಒಂದೇ ಸಲಕ್ಕೆ ಮಾಡಿ ಮುಗಿಸುವ ಅಡುಗೆ ಇಟ್ಟುಕೊಳ್ಳಿ: ಬಿಸಿಬೇಳೆಬಾತು, ಮುದ್ದೆ-ಸಾರು, ಇಡ್ಲಿ, ಪಲಾವು, ಏನೂ ಇಲ್ಲದಿದ್ದರೆ ಅನ್ನ-ತಿಳಿಸಾರು-ಹಪ್ಪಳ. ದೋಸೆಯೇ ಬೇಕು ಅಂದರೆ ಕಾವಲಿ ಕೈ ಬದಲಾಗಲಿ, ಐದೈದು ದೋಸೆಗೆ ಒಬ್ಬೊಬ್ಬರು. ಪಾತ್ರೆಗಳನ್ನು ನಡುವೆ ತಂದಿಟ್ಟು ಬಡಿಸಿಕೊಳ್ಳಿ. ಹೆಂಗಸರು ಕಡೆಗೆ ಉಣ್ಣುವ ಪದ್ಧತಿ ಯಾವ ಭಾಷಣವೂ ಇಲ್ಲದೆ ಅಲ್ಲಿಗೆ ಮುಗಿಯುತ್ತದೆ.

ಫೋನುಗಳು ಆ ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಇರಲಿ. ಮಗುವಿಗೆ ಫೋನ್ ತೋರಿಸಿ ತುತ್ತು ತಿನ್ನಿಸುವ ಅಭ್ಯಾಸ ನಿಮ್ಮಲ್ಲಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಗೊತ್ತಿರಲಿ: ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಈ ಚಟ ಬಿಡಿಸುವ ಮೊದಲ ವಾರ ಮಗು ಅರೆಹೊಟ್ಟೆ ಉಣ್ಣಬಹುದು, ಅಜ್ಜಿಯ ಜೀವ ತಡೆಯುವುದಿಲ್ಲ. ಅದನ್ನು ಮೊದಲೇ ಅಜ್ಜಿಗೆ ಹೇಳಿಡಿ.

ಊಟಕ್ಕೆ ಕೂತಾಗ "ಸ್ಕೂಲಲ್ಲಿ ಏನಾಯ್ತು?" ಎಂದರೆ "ಏನಿಲ್ಲ" ಎಂದೇ ಉತ್ತರ. ನೀವು ಮೊದಲು ನಿಮ್ಮ ದಿನದ ಒಂದು ಕೆಟ್ಟ ಗಳಿಗೆ ಹೇಳಿ. ಮ್ಯಾನೇಜರ್ ಎಲ್ಲರ ಎದುರು ಅಂದದ್ದು, ಗಿರಾಕಿ ದುಡ್ಡು ಕೊಡದೆ ಹೋದದ್ದು. ಆಮೇಲೆ ಅವರಾಗಿಯೇ ಬಾಯಿಬಿಡುತ್ತಾರೆ.

ಐದನೇ ಹೆಜ್ಜೆ: ವಾರಕ್ಕೊಂದು ಮನೆ ಸಭೆ

ಹೆಸರು ದೊಡ್ಡದು, ಕೆಲಸ ಇಪ್ಪತ್ತು ನಿಮಿಷದ್ದು. ಭಾನುವಾರ ಸಂಜೆ ಕಾಫಿ ಹೊತ್ತು ಒಳ್ಳೆಯದು, ಜೊತೆಗೆ ಏನಾದರೂ ಕರಿದದ್ದು ಇದ್ದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನಡೆಸುವ ಕ್ರಮ ಹೀಗೆ:

- ಅಧ್ಯಕ್ಷತೆ ಸರದಿಯ ಮೇಲೆ, ಆರು ವರ್ಷದವರಿಗೂ ಒಂದು ವಾರ.
- ಚಿಕ್ಕವರು ಮೊದಲು ಮಾತಾಡಬೇಕು. ಅಪ್ಪ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರೆ, ಸಭೆ ಮುಗಿಯಿತು.
- ಮೂರು ಮಾತುಗಳಲ್ಲಿ ಈ ವಾರ ಯಾವುದು ಮುರಿಯಿತು ಎಂದು ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ಹೇಳಬಹುದು.
- ಒಂದೇ ಒಂದು ತೀರ್ಮಾನ, ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರ ಸಹಿ.
- ಮಾರ್ಕ್ಸಿನ ವಿಷಯ ಇಲ್ಲಿ ಎತ್ತಬಾರದು. ಎತ್ತಿದರೆ ಇದು ಪೇರೆಂಟ್ಸ್ ಮೀಟಿಂಗ್ ಆಗುತ್ತದೆ, ಮುಂದಿನ ವಾರ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ.

ಮೊದಲೆರಡು ವಾರ ನಗು, ಕಿತಾಪತಿ, ಅಷ್ಟೇ. ಬಿಸಿ ಮುಟ್ಟುವುದು ಈ ಥರದ ಮಾತು ಬಂದಾಗ:

"ಅಪ್ಪಾ, ನೀನು ಮಂಗಳವಾರ ಊಟಕ್ಕೆ ಫೋನ್ ತಂದೆ."
"ಆಫೀಸಿಂದು ಕಣಮ್ಮ, ಅರ್ಜೆಂಟಿತ್ತು."
"ನಂಗೂ ಅರ್ಜೆಂಟಿತ್ತು. ಅಮ್ಮ ಕೊಡಲಿಲ್ಲ."

ಇಲ್ಲಿ ಅಪ್ಪನ ಮುಂದೆ ಎರಡು ದಾರಿ. "ದೊಡ್ಡವರ ವಿಷಯ ನಿನಗೆ ಗೊತ್ತಾಗಲ್ಲ" ಎಂದರೆ ಆ ಮನೆಯಲ್ಲಿ ಮೌಲ್ಯದ ಕೆಲಸ ಅವತ್ತಿಗೆ ನಿಂತಿತು, ನೋಟ್‌ಬುಕ್ಕನ್ನು ರದ್ದಿಗೆ ಹಾಕಬಹುದು. "ಹೌದು, ತಂದೆ. ನಿಜವಾಗ್ಲೂ ಅರ್ಜೆಂಟಿದ್ರೆ ಏನ್ ಮಾಡೋಣ, ನೀನೇ ಹೇಳು" ಎಂದರೆ ನಿಯಮಕ್ಕೆ ಒಂದು ತಿದ್ದುಪಡಿ ಬರುತ್ತದೆ: ಅರ್ಜೆಂಟ್ ಇದ್ದವರು ಕೇಳಿಕೊಂಡು ಎದ್ದು ಹೋಗಿ ಮಾತಾಡಿ ಬರಬೇಕು, ದೊಡ್ಡವರಾಗಲಿ ಚಿಕ್ಕವರಾಗಲಿ. ಮಕ್ಕಳು ಮುಂದಿನ ವಾರ ಆ ಮಾತನ್ನು ಕಾಯುವುದನ್ನು ನೋಡಬೇಕು, ಪೊಲೀಸರಿಗಿಂತ ಕಟ್ಟುನಿಟ್ಟು.

ಎಲ್ಲವನ್ನೂ ಸಭೆಗೆ ಬಿಡುವ ಅಗತ್ಯವಿಲ್ಲ. ಮಲಗುವ ಹೊತ್ತು, ಔಷಧಿ, ಹೆಲ್ಮೆಟ್ಟು, ಮನೆಯ ಸಾಲ ಇವು ವೋಟಿಗೆ ಹಾಕುವ ವಿಷಯಗಳಲ್ಲ. ಯಾವುದು ಸಭೆಯದು, ಯಾವುದು ಅಪ್ಪ-ಅಮ್ಮನದು ಎಂದು ಮೊದಲೇ ಹೇಳಿಬಿಡಿ. ಕೇಳಿದ ಹಾಗೆ ನಟಿಸಿ ಆಮೇಲೆ ತಮ್ಮದೇ ನಡೆಸುವುದಕ್ಕಿಂತ ಅದು ಎಷ್ಟೋ ಮೇಲು.

ಆರನೇ ಹೆಜ್ಜೆ: ಕೆಲಸ ಹಂಚಿ

ಸಮಾನತೆಯ ಪಾಠ ಸಿಂಕಿನ ಮುಂದೆ ನಡೆಯುತ್ತದೆ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಕೈಹಾಕಿದವರೇ ನೂರಕ್ಕೆ 26ರಷ್ಟು. ನಿಮ್ಮ ಮನೆಯದನ್ನೂ ಒಂದು ವಾರ ಇದೇ ಥರ ಅಳೆಯಿರಿ, ಮಕ್ಕಳ ಕೈಯಲ್ಲಿ ಬರೆಸಿ. ಅಂಕಿ ಮಾತಾಡಿದ ಮೇಲೆ ನೀವು ವಾದ ಮಾಡುವುದು ಉಳಿಯುವುದಿಲ್ಲ.

ಹಂಚುವಾಗ "ಅಮ್ಮನಿಗೆ ಸಹಾಯ ಮಾಡು" ಎಂಬ ಮಾತನ್ನು ಕೈಬಿಡಿ. ಸಹಾಯ ಅಂದ ಕೂಡಲೇ ಕೆಲಸ ಅಮ್ಮನದು ಎಂದಾಯಿತು. ಇಡೀ ಕೆಲಸವನ್ನೇ ಒಬ್ಬರಿಗೆ ಕೊಡಿ. ನಾಲ್ಕೈದು ವರ್ಷದವರು ಚಪ್ಪಲಿ ಜೋಡಿಸಬಹುದು, ಬೆಳ್ಳುಳ್ಳಿ ಬಿಡಿಸಬಹುದು, ನೀರಿನ ಲೋಟ ಇಡಬಹುದು. ಎಂಟರ ಹೊತ್ತಿಗೆ ಒಣಗಿದ ಬಟ್ಟೆ ಮಡಿಸುವುದು, ಗಿಡಕ್ಕೆ ನೀರು, ಹಸಿ ಕಸ ಒಣ ಕಸ ಬೇರೆ ಮಾಡಿ ಗಾಡಿಗೆ ಹಾಕುವುದು. ಹನ್ನೆರಡಕ್ಕೆ ಅನ್ನ-ಸಾರು ಮಾಡಲು ಬರಬೇಕು, ಹುಡುಗನಿಗೂ. ಇವಕ್ಕೆಲ್ಲ ದುಡ್ಡು ಕೊಡಬೇಡಿ. ಕೊಟ್ಟರೆ "ಇವತ್ತು ದುಡ್ಡು ಬೇಡ, ಕೆಲಸವೂ ಬೇಡ" ಎನ್ನುವ ದಿನ ಬಂದೇ ಬರುತ್ತದೆ. ಮಡಿಸಿದ ಬಟ್ಟೆ ಸೊಟ್ಟಗಿದ್ದರೆ ಹಾಗೆಯೇ ಬೀರುವಿನಲ್ಲಿಡಿ. ಹಿಂದಿನಿಂದ ಹೋಗಿ ನೀವು ಮತ್ತೆ ಮಡಿಸಿದ್ದನ್ನು ಕಂಡ ಮಗು ಮುಂದಿನ ಸಲ ಕೈಹಾಕುವುದಿಲ್ಲ.

ಏಳನೇ ಹೆಜ್ಜೆ: ಮನೆಗೆ ಬರುವವರ ಲೋಟ ನೋಡಿ

ಬರೆಯಲು ಇರಿಸುಮುರಿಸಾಗುವ ಭಾಗ ಇದು. ರಾಜ್ಯದ ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಾರೆ. ಅಸ್ಪೃಶ್ಯತೆ 17ನೇ ವಿಧಿಯಲ್ಲೇ ರದ್ದಾಗಿದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತರುತ್ತಾರೆ. ಮನೆಗೆ ಬಂದರೆ ಕೆಲಸದವರಿಗೆ ಕಾಫಿ ಕೊಡುವ ಸ್ಟೀಲ್ ಲೋಟ ಕಿಟಕಿಯ ಸರಳಿನ ಪಕ್ಕ ಬೇರೆಯಾಗಿ ಕವುಚಿಟ್ಟಿರುತ್ತದೆ. ಅಂಚು ಸ್ವಲ್ಪ ನೆಗ್ಗಿರುತ್ತದೆ. ಅವರು ಕುಡಿದು, ತಾವೇ ತೊಳೆದು, ಅಲ್ಲೇ ಇಡುತ್ತಾರೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟೂ ಬೇರೆ. ಯಾರೂ ಮಗುವಿಗೆ ಏನೂ ಹೇಳಿರುವುದಿಲ್ಲ, ಆದರೂ ಆ ಲೋಟದಲ್ಲಿ ತಾನು ನೀರು ಕುಡಿಯಬಾರದು ಎಂದು ಅದಕ್ಕೆ ಗೊತ್ತು.

ಆ ಲೋಟ ತೆಗೆಯಿರಿ. ಭಾಷಣ ಬೇಡ, ಉಳಿದ ಲೋಟಗಳ ಜೊತೆ ಸೇರಿಸಿ. ಕೂರಲು ಕುರ್ಚಿ ಕೊಡಿ. ಮಕ್ಕಳು ಅವರನ್ನು ಹೆಸರು ಹಿಡಿದು ಕೂಗದೆ ಅಕ್ಕ, ಆಂಟಿ, ಅಣ್ಣ ಎನ್ನಲಿ, ಬಹುವಚನದಲ್ಲಿ ಮಾತಾಡಲಿ. ರಜೆ ಹಾಕಿದ ದಿನ ಸಂಬಳ ಹಿಡಿಯುವ ಲೆಕ್ಕವನ್ನು ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ ಎನ್ನುವುದೂ ನೆನಪಿರಲಿ. ಮನೆಯ ಹಿರಿಯರು ಒಪ್ಪದಿದ್ದರೆ? ಊಟದ ವಿಷಯದಲ್ಲಿ, ಮಲಗುವ ವಿಷಯದಲ್ಲಿ ಅವರಿಗೆ ಹತ್ತು ಕಡೆ ಬಿಟ್ಟುಕೊಡಿ. ಇದೊಂದರಲ್ಲಿ ಬೇಡ ಎಂದು ನನ್ನ ಅಭಿಪ್ರಾಯ.

ಇದರದ್ದೇ ಇನ್ನೊಂದು ಮುಖ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಣುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. ಆದರೂ ತಂಗಿಯನ್ನು ಕರೆಸಿ, ಒಂದು ರೇಷ್ಮೆ ಸೀರೆ ಕೊಟ್ಟು, ಪಾಲು ಬಿಟ್ಟುಕೊಟ್ಟೆ ಎನ್ನುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ನಡೆದೇ ಇದೆ. "ಗಂಡು-ಹೆಣ್ಣು ನಮಗೆ ಒಂದೇ" ಎನ್ನುವ ಮನೆಯ ಹುಡುಗಿ ತನ್ನ ಅತ್ತೆಯ ಆ ಸಹಿಯನ್ನು ನೋಡಿರುತ್ತಾಳೆ.

ಎಂಟನೇ ಹೆಜ್ಜೆ: ದುಡ್ಡನ್ನು ಮಕ್ಕಳ ಕಣ್ಣಿಗೆ ಬೀಳಿಸಿ

ಸಂಬಳ ಎಷ್ಟು ಎಂದು ಹೇಳಲೇಬೇಕು ಅಂತಿಲ್ಲ. ಕರೆಂಟ್ ಬಿಲ್ಲಿನಿಂದ ಶುರುಮಾಡಿ. 2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಇದು ಒಳ್ಳೆಯ ಲೆಕ್ಕದ ಪಾಠವೂ ಆಗಿದೆ. ಮನೆಗೆ ಗೊತ್ತುಮಾಡಿದ ಯೂನಿಟ್ ಎಷ್ಟು, ಈ ತಿಂಗಳು ಎಷ್ಟಾಯಿತು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೀಟರ್ ಓದುವ ಕೆಲಸ ಹತ್ತು ವರ್ಷದವರಿಗೆ ಕೊಡಿ, ಗೀಸರ್ ಸ್ವಿಚ್ಚು ತಾನಾಗಿ ಆರುತ್ತದೆ. ತಿಂಗಳ ದಿನಸಿ ಚೀಟಿ ಬರೆಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರಿಗಾದರೂ ಕೊಡುವುದಿದ್ದರೆ ಮಕ್ಕಳ ಕೈಯಲ್ಲಿ ಕೊಡಿಸಿ ಫೋಟೋ ತೆಗೆಯಬೇಡಿ. ಯಾರಿಗೆ, ಎಷ್ಟು, ಯಾಕೆ ಎಂದು ಮನೆ ಸಭೆಯಲ್ಲಿ ಮಾತಾಡಿ, ಸದ್ದಿಲ್ಲದೆ ಕಳಿಸಿ.

ಹಬ್ಬಗಳನ್ನು ಬಳಸಿಕೊಳ್ಳಿ

ಹೊಸ ಆಚರಣೆ ಹುಟ್ಟುಹಾಕುವ ತೊಂದರೆ ಬೇಕಿಲ್ಲ, ನಮ್ಮಲ್ಲಿ ಇರುವುದೇ ಬೇಕಾದಷ್ಟಿದೆ. ಸಂಕ್ರಾಂತಿಗೆ ಎಳ್ಳು ಬೀರಲು ಹೆಣ್ಣುಮಕ್ಕಳನ್ನಷ್ಟೇ ಕಳಿಸುವ ರೂಢಿ. ಈ ಸಲ ಮಗನ ಕೈಯಲ್ಲೂ ತಟ್ಟೆ ಕೊಡಿ, ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ವಾಚ್‌ಮನ್ ಅಣ್ಣನ ಮನೆಗೂ ಹೋಗಲಿ, ಮಾತು ಬಿಟ್ಟಿರುವ ಎದುರುಮನೆಗೂ ಹೋಗಲಿ. ಆಯುಧಪೂಜೆಗೆ ಕಾರು, ಬೈಕಿನ ಜೊತೆ ಈಳಿಗೆಮಣೆ, ಮಿಕ್ಸಿಗಳನ್ನೂ ಮಕ್ಕಳೇ ಒರೆಸಿ ಕುಂಕುಮವಿಡಲಿ, ದಿನವೂ ದುಡಿಯುವುದು ಅವೇ. ಮಂಗಳೂರಿನ ಕ್ರೈಸ್ತರ ಮನೆಗಳಿಂದ ಕ್ರಿಸ್‌ಮಸ್‌ಗೆ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳ ತಟ್ಟೆ ನೆರೆಮನೆಗೆ ಹೋಗುತ್ತದೆ. ಬಕ್ರೀದ್‌ನಲ್ಲಿ ಮಾಂಸ ಮನೆಗೆ, ನೆಂಟರಿಗೆ, ಬಡವರಿಗೆ ಎಂದು ಮೂರು ಪಾಲಾಗುತ್ತದೆ. ಪಾಲು ಹಾಕುವಾಗ ಮಕ್ಕಳು ಅಲ್ಲಿರಲಿ, ಒಳ್ಳೆಯ ತುಂಡು ಯಾವ ಪಾಲಿಗೆ ಹೋಯಿತು ಎಂದು ಅವರು ನೋಡುತ್ತಾರೆ.

ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಇಲ್ಲಿ ಇನ್ನೊಂದು ಆಯ್ಕೆ ಬರುತ್ತದೆ, ಭಾಷೆಯದು. ಕನ್ನಡ ಕೂಟದ ವಾರಾಂತ್ಯದ ತರಗತಿ ಅಕ್ಷರ ಕಲಿಸಬಹುದು. ಮಗು ಬಿದ್ದು ಅಳುವಾಗ, ನೀವು ರೇಗಿದಾಗ, ಮುದ್ದು ಮಾಡುವಾಗ ಯಾವ ಭಾಷೆ ಬರುತ್ತದೆಯೋ ಅದು ಮಾತ್ರ ಮನೆಯ ಭಾಷೆಯಾಗಿ ಉಳಿಯುತ್ತದೆ. ಕನ್ನಡದಲ್ಲಿ ಬರೀ ಬೈಗುಳ, ಮುದ್ದೆಲ್ಲ ಇಂಗ್ಲಿಷಿನಲ್ಲಿ ಎನ್ನುವ ಹಾಗಾದರೆ ಕಷ್ಟ.

ಅಜ್ಜ-ಅಜ್ಜಿ ಒಪ್ಪದಿದ್ದಾಗ

"ಗಂಡು ಹುಡುಗನ ಕೈಲಿ ಕಸ ಗುಡಿಸ್ತೀರಾ?" ಈ ಮಾತು ಬಂದೇ ಬರುತ್ತದೆ. ಉತ್ತರ ಸೊಸೆಯ ಬಾಯಿಂದ ಬಂದರೆ ಜಗಳ, ಮಗನ ಬಾಯಿಂದ ಬಂದರೆ ಮಾತು. ಹೆಂಡತಿಯ ತಂದೆ-ತಾಯಿಯಾದರೆ ಮಗಳು ಹೇಳಲಿ. "ಅಮ್ಮಾ, ನಾಳೆ ಇವನು ಪುಣೆಯಲ್ಲೋ ಹೈದರಾಬಾದಲ್ಲೋ ಒಬ್ಬನೇ ರೂಮ್ ಮಾಡ್ಕೊಂಡು ಇರಬೇಕು. ನಾನು ಆಗ ಪಟ್ಟ ಪಾಡು ನಿನಗೆ ಗೊತ್ತಲ್ಲ. ನಿನ್ನ ಸಾರಿನ ಪುಡಿ ಹದ ಇವನಿಗೆ ನೀನೇ ಹೇಳ್ಕೊಡು" ಎಂದರೆ ಅಜ್ಜಿಗೆ ಒಂದು ಪಾತ್ರ ಸಿಗುತ್ತದೆ. ಪಾತ್ರವಿಲ್ಲದ ಹಿರಿಯರು ವಿಮರ್ಶಕರಾಗುತ್ತಾರೆ. ಮನೆ ಸಭೆಗೆ ಅವರನ್ನೂ ಕೂರಿಸಿ, ಅವರ ಸಹಿಯೂ ಬೀಳಲಿ. ಬರೆಯಲು ಬಾರದಿದ್ದರೆ ಮೊಮ್ಮಗಳು ಹೇಳಿಕೊಡುತ್ತಾಳೆ.

ಒಂದು ಕಡೆ ಕಟ್ಟುನಿಟ್ಟು ಬೇಡ. ಅಜ್ಜನ ಮನೆಯಲ್ಲಿ ಅಜ್ಜನ ಕಾನೂನು. ರಜೆಗೆ ಊರಿಗೆ ಹೋದಾಗ ಎಂಟು ದಿನ ಮಕ್ಕಳು ಚಾಕೊಲೇಟ್ ತಿಂದು ರಾತ್ರಿ ಹನ್ನೊಂದಕ್ಕೆ ಮಲಗಿದರೆ ಯಾವ ಮೌಲ್ಯವೂ ಸಾಯುವುದಿಲ್ಲ.

ಮಾತು ಮುರಿದಾಗ

ಮುರಿಯುತ್ತದೆ, ತಿಂಗಳೊಳಗೇ. ಬೈಯಲ್ಲ ಎಂದು ಬರೆದ ಮನೆಯಲ್ಲಿ ಹಾಲು ಚೆಲ್ಲಿದ್ದಕ್ಕೆ ಏಟು ಬಿದ್ದಿರುತ್ತದೆ. ಆಗ ದೊಡ್ಡವರು ಕ್ಷಮೆ ಕೇಳಬೇಕು, ಕೇಳುವುದಕ್ಕೂ ಒಂದು ಹದವಿದೆ. "ಸಾರಿ ಪುಟ್ಟಾ, ಆದ್ರೆ ನೀನು ಯಾಕೆ ಹಾಗೆ ಮಾಡಿದೆ?" ಎಂದರೆ ಅದು ಎರಡನೇ ಬೈಗುಳ. "ನಾನು ಹೊಡೆದದ್ದು ತಪ್ಪು. ನನಗೆ ಸಿಟ್ಟು ಬಂದಿತ್ತು, ಆದರೂ ತಪ್ಪೇ" ಎಂದು ಅಲ್ಲಿಗೆ ನಿಲ್ಲಿಸಿ. ಚೆಲ್ಲಿದ ಹಾಲಿನ ಮಾತು ಒಂದು ಗಂಟೆ ಬಿಟ್ಟು. ಮಗು ತಕ್ಷಣ ಬಂದು ತಬ್ಬಿಕೊಳ್ಳಬೇಕು ಎಂಬ ನಿರೀಕ್ಷೆಯೂ ಬೇಡ, ಮುನಿಸಿಕೊಂಡಿರಲು ಅದಕ್ಕೂ ಹಕ್ಕಿದೆ.

ಎಸ್‌ಎಸ್‌ಎಲ್‌ಸಿ, ಪಿಯುಸಿ ವರ್ಷ

ನಮ್ಮ ಮನೆಗಳ ನಿಜವಾದ ಪರೀಕ್ಷೆ ಮಕ್ಕಳು ಸೆಕೆಂಡ್ ಪಿಯುಸಿಗೆ ಬಂದಾಗ. ಆ ವರ್ಷ ಎಲ್ಲ ಮಾತಿಗೂ ರಜೆ: ಮನೆಗೆಲಸ ಬೇಡ, ಓದಿಕೋ. ಅಜ್ಜಿಯನ್ನು ನೋಡಲು ಬರಬೇಡ, ಓದಿಕೋ. ಚಿಕ್ಕಪ್ಪನ ಮಗನ ಮದುವೆಗೂ ಬೇಡ. ಸಿಇಟಿ, ನೀಟ್ ಮುಗಿಯುವವರೆಗೆ ಮನೆಯೇ ಹಾಸ್ಟೆಲ್. ಹತ್ತು ವರ್ಷ ಕಟ್ಟಿದ್ದು ಎಲ್ಲ ಬಾಯಿಮಾತು, ಕೊನೆಗೆ ಬೇಕಾದದ್ದು ರ‍್ಯಾಂಕೇ ಎಂದು ಹದಿನೇಳರ ಹುಡುಗಿಗೆ ಅರ್ಥವಾಗಲು ಇಷ್ಟು ಸಾಕು.

ಕೆಲಸ ಕಡಿಮೆ ಮಾಡಿ, ಪೂರ್ತಿ ತೆಗೆಯಬೇಡಿ. ತಾನು ಉಂಡ ತಟ್ಟೆ ತೊಳೆಯಲು ಎರಡು ನಿಮಿಷ ಸಾಕು. ಒಟ್ಟಿಗೆ ಉಣ್ಣುವ ಮೂರು ರಾತ್ರಿ ಹಾಗೇ ಇರಲಿ, ಆ ಅರ್ಧ ಗಂಟೆ ಸಿಲಬಸ್ ಮಾತು ಬೇಡ. ಇನ್ನೊಂದು, ಫಲಿತಾಂಶದ ದಿನ ಮೊದಲು ಆಡುವ ಮಾತನ್ನು ಗಂಡ-ಹೆಂಡತಿ ಇವತ್ತೇ ಗೊತ್ತುಮಾಡಿಕೊಳ್ಳಿ. ವೆಬ್‌ಸೈಟ್ ತೆರೆದ ಗಳಿಗೆಯಲ್ಲಿ ಬಾಯಿಗೆ ಬರುವುದು "ಎಷ್ಟು?" ಮತ್ತು "ಪಕ್ಕದ ಮನೆಯವಳಿಗೆ ಎಷ್ಟು?" ಎರಡೇ. ಬದಲಿಗೆ ಏನು ಹೇಳುತ್ತೀರಿ ಎಂದು ಬರೆದಿಟ್ಟುಕೊಳ್ಳಿ, ಒಳ್ಳೆ ಅಂಕಕ್ಕೊಂದು ಕಡಿಮೆ ಅಂಕಕ್ಕೊಂದು ಬೇಡ, ಎರಡಕ್ಕೂ ಒಂದೇ ವಾಕ್ಯ. ನೆಂಟರ ಫೋನುಗಳನ್ನು ಅವತ್ತು ಯಾರು ಎತ್ತಬೇಕು ಎಂದೂ ತೀರ್ಮಾನಿಸಿ. ಮಗುವಿನ ಕೈಗೆ ಫೋನ್ ಕೊಟ್ಟು "ದೊಡ್ಡಪ್ಪ, ಮಾತಾಡು" ಅನ್ನಬೇಡಿ.

ಯುಗಾದಿಗೆ ಒಮ್ಮೆ ತಿರುಗಿ ನೋಡಿ

ವರ್ಷಕ್ಕೊಮ್ಮೆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಜೋರಾಗಿ ಓದಿ. ಯುಗಾದಿ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಸಿ ಎಲ್ಲರೂ ಅಡ್ಡಾಗುವ ಮುಂಚೆ ಒಳ್ಳೆಯ ಹೊತ್ತು. ಯಾವ ಮಾತು ನಿಂತಿತು, ಯಾವುದನ್ನು ನಾವು ಒಮ್ಮೆಯೂ ನೆನೆಸಿಕೊಳ್ಳಲಿಲ್ಲ, ಯಾವುದು ಮಕ್ಕಳಿಗಷ್ಟೇ ಅನ್ವಯವಾಯಿತು ಎಂದು ನೋಡಿ. ಕೊನೆಯದಕ್ಕೆ ಉತ್ತರ ಮಕ್ಕಳೇ ಕೊಡಲಿ. ಹಾಗೆ ಸಿಕ್ಕ ಮಾತನ್ನು ಒಂದೋ ದೊಡ್ಡವರಿಗೂ ಅನ್ವಯಿಸಿ ಬರೆಯಿರಿ, ಇಲ್ಲವೇ ಪಟ್ಟಿಯಿಂದ ತೆಗೆಯಿರಿ. ಮಕ್ಕಳು ಹದಿನಾರು ದಾಟಿದ ಮನೆಯಲ್ಲಿ ಪೆನ್ನನ್ನು ಅವರ ಕೈಗೇ ಕೊಡಿ. ಮುಂದಿನ ವರ್ಷದ ಮೂರು ಮಾತು ಅವರು ಬರೆಯಲಿ, ತಿದ್ದುಪಡಿ ಬೇಕಿದ್ದರೆ ನೀವು ಸಭೆಯಲ್ಲಿ ಕೈಯೆತ್ತಿ ಕೇಳಿ.